ದುಡಿಮೆಯ ಬಗ್ಗೆ ದೇಶದಿಂದ ದೇಶಕ್ಕೆ ಹೋಗಿ ಓದೋದು: ನಮ್ಮ ಭಾಗದವರು ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲಸ ಮತ್ತು ಕಾರ್ಮಿಕರ ಬಗ್ಗೆ ಹೊರದೇಶದಲ್ಲಿ ಮಾಸ್ಟರ್ಸ್ ಓದಿ ಧಾರವಾಡಕ್ಕೆ ಮರಳಿದ ಮೇಲೆ ನನಗೆ ಬರುವ ಫೋನು, ಪತ್ರಗಳಲ್ಲಿ ಕೆಲವು ಪ್ರಶ್ನೆಗಳು ತಿರುತಿರುಗಿ ಬರುತ್ತವೆ. ಹುಬ್ಬಳ್ಳಿ, ಗದಗ, ಹಾವೇರಿ ಕಡೆಯ ಹುಡುಗ ಹುಡುಗಿಯರು, ಅವರ ಅಪ್ಪ ಅಮ್ಮ, ಕೆಲವು ಮೇಷ್ಟ್ರುಗಳು ಕೇಳಿದವು ಇವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದವು ಮೊದಲು, ತೊಡಕಿನವು ಆಮೇಲೆ.

## ಶುರುವಿನ ಪ್ರಶ್ನೆಗಳು

ಕೆಲಸದ ಬಗ್ಗೆ ಓದೋಕೆ ಏನಿದೆ? ದುಡಿಯೋದು, ಪಗಾರ ತಗೊಳ್ಳೋದು, ಅಷ್ಟೇ ಅಲ್ವಾ?

ಬ್ಯಾಡಗಿಯನ್ನೇ ತಗೊಳ್ಳಿ. ಅಲ್ಲಿನ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಕೆ ಮಾನ್ಯತೆ ಸಿಕ್ಕಿತು. ರೈತರಿಗೆ ದರ ಸಿಗಲಿಲ್ಲ ಅಂದರೆ ಸುದ್ದಿಯಾಗುತ್ತದೆ. ವರ್ತಕರ ಕಷ್ಟವೂ ಸುದ್ದಿಯಾಗುತ್ತದೆ. ಆದರೆ ರಾಶಿಯ ಮುಂದೆ ಕೂತು ತೊಟ್ಟು ಬಿಡಿಸುವ ಹೆಂಗಸರ ಬಗ್ಗೆ ಯಾರೂ ಜಾಸ್ತಿ ಕೇಳುವುದಿಲ್ಲ. ಅವರಿಗೆ ದಿನದ ಲೆಕ್ಕವೋ, ಕೆಜಿ ಲೆಕ್ಕವೋ? ಆ ದರವನ್ನು ಯಾರು ನಿಗದಿ ಮಾಡಿದರು? ಮನೆಗೆ ಚೀಲ ಒಯ್ದು ಬಿಡಿಸಿದರೆ ಅವರು ಯಾರ ಕೆಲಸಗಾರರು? ಖಾರದ ಧೂಳಿಗೆ ಕೆಮ್ಮು ಹತ್ತಿದರೆ ಔಷಧಿ ಖರ್ಚು ಯಾರದು? ಮಗು ಪಕ್ಕದಲ್ಲಿ ಕೂತು ಕೈ ಜೋಡಿಸಿದರೆ ಅದನ್ನು ಏನೆಂದು ಕರೆಯಬೇಕು?

ಒಂದೊಂದೂ ಒಂದು ಅಧ್ಯಯನದ ವಿಷಯ. ಅರ್ಥಶಾಸ್ತ್ರ, ಕಾನೂನು, ಸಮಾಜಶಾಸ್ತ್ರ, ಆರೋಗ್ಯ ಎಲ್ಲವೂ ಇಲ್ಲಿ ಸೇರುತ್ತವೆ. ಜಿನೀವಾದಲ್ಲಿರುವ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ, ಅಂದರೆ ಐಎಲ್ಒ, ಮನೆಯಲ್ಲೇ ಕೂತು ಬೇರೆಯವರಿಗಾಗಿ ದುಡಿಯುವವರ ಬಗ್ಗೆ 1996ರಲ್ಲೇ 177ನೇ ಒಡಂಬಡಿಕೆ ತಂದಿದೆ. ಭಾರತ ಅದನ್ನು ಇನ್ನೂ ಅನುಮೋದಿಸಿಲ್ಲ. ಯಾಕಿಲ್ಲ ಅನ್ನುವುದೂ ಓದಬೇಕಾದ ಪ್ರಶ್ನೆಯೇ.

ಇದು ಎಚ್‌ಆರ್ ಕೋರ್ಸೇ ತಾನೇ? ಎಂಬಿಎ ಮಾಡಿದ್ರೆ ಸಾಕಲ್ವಾ?

ಅಲ್ಲ. ಎಚ್‌ಆರ್‌ನಲ್ಲಿ ಕಂಪನಿಯ ಕಡೆಯಿಂದ ನೋಡುತ್ತೀರಿ: ಜನರನ್ನು ಹೇಗೆ ತಗೊಳ್ಳಬೇಕು, ಹೇಗೆ ಉಳಿಸಿಕೊಳ್ಳಬೇಕು. ಕಾರ್ಮಿಕ ಅಧ್ಯಯನದಲ್ಲಿ ದುಡಿಯುವವರು, ದುಡಿಸುವವರು, ಸರ್ಕಾರ ಮೂವರನ್ನೂ ಎದುರಿಗೆ ಇಟ್ಟುಕೊಂಡು ನೋಡುತ್ತೀರಿ. ಕಂಪನಿಯೇ ಇಲ್ಲದ ಕೆಲಸಗಳನ್ನೂ ನೋಡುತ್ತೀರಿ. ನಮ್ಮ ಜಿಲ್ಲೆಗಳಲ್ಲಿ ಅಂಥವೇ ಜಾಸ್ತಿ. ಹೊಲದ ಕೂಲಿ, ಅಮರಗೋಳದ ಎಪಿಎಂಸಿಯ ಹಮಾಲಿ, ಮನೆಗೆಲಸ, ಕಸೂತಿ.

ಮೂರನೆಯ ದಾರಿಯೂ ಒಂದಿದೆ: ಕೆಲಸದ ಮನಶ್ಶಾಸ್ತ್ರ. ವೇಲೆನ್ಸಿಯಾ, ಬಾರ್ಸಿಲೋನಾ, ಬೊಲೋನ್ಯಾ, ಕೊಯಿಂಬ್ರಾ ವಿಶ್ವವಿದ್ಯಾಲಯಗಳು ಸೇರಿ ನಡೆಸುವ ಎರಾಸ್ಮಸ್ ಮುಂಡಸ್ ಕೋರ್ಸ್ (ಹೀಗಂದರೇನು ಅಂತ ಮುಂದಿನ ಪ್ರಶ್ನೆಯಲ್ಲಿ ಹೇಳಿದ್ದೇನೆ) ಈ ಜಾತಿಯದು. ಅದಕ್ಕೆ ಡಿಗ್ರಿಯಲ್ಲಿ ಮನಶ್ಶಾಸ್ತ್ರ ಓದಿರಬೇಕು. ಅರ್ಜಿ ಹಾಕುವ ಮೊದಲು ನಿಮಗೆ ಈ ಮೂರರಲ್ಲಿ ಯಾವುದು ಬೇಕು ಅಂತ ತೀರ್ಮಾನಿಸಿಕೊಳ್ಳಿ.

ಎರಡೆರಡು ದೇಶದಲ್ಲಿ ಓದೋದು ಅಂದ್ರೆ ಹೇಗೆ? ಒಂದೇ ಕಡೆ ಯಾಕೆ ಓದಿಸಲ್ಲ?

ಎರಾಸ್ಮಸ್ ಮುಂಡಸ್ ಯುರೋಪಿಯನ್ ಒಕ್ಕೂಟದ ಯೋಜನೆ. 2004ರಿಂದ ನಡೆಯುತ್ತಿದೆ. ಹಲವು ವಿಶ್ವವಿದ್ಯಾಲಯಗಳು ಸೇರಿ ಒಂದು ಕೋರ್ಸ್ ಕಟ್ಟುತ್ತವೆ. ನೀವು ಕನಿಷ್ಠ ಎರಡು ದೇಶಗಳಲ್ಲಿ ಓದಲೇಬೇಕು, ಆ ಎರಡರಲ್ಲಿ ಯಾವುದೂ ನಿಮ್ಮ ದೇಶ ಆಗಿರಬಾರದು. ಮುಗಿದ ಮೇಲೆ ಎಲ್ಲರೂ ಸೇರಿ ಒಂದೇ ಪದವಿ ಕೊಡಬಹುದು, ಇಲ್ಲವೇ ಒಂದಕ್ಕಿಂತ ಹೆಚ್ಚು ಪದವಿ ಪತ್ರ ಸಿಗಬಹುದು.

ಇನ್ನೊಂದು ಮಾದರಿ ಗ್ಲೋಬಲ್ ಲೇಬರ್ ಯೂನಿವರ್ಸಿಟಿ. ಹೆಸರು ಹಾಗಿದ್ದರೂ ಅದು ಒಂದು ಜಾಲ. ಐಎಲ್ಒ, ಹಲವು ದೇಶಗಳ ಕಾರ್ಮಿಕ ಸಂಘಟನೆಗಳು, ವಿಶ್ವವಿದ್ಯಾಲಯಗಳು ಅದರಲ್ಲಿವೆ. ಜರ್ಮನಿಯ ಕಾಸೆಲ್ ಮತ್ತು ಬರ್ಲಿನ್, ದಕ್ಷಿಣ ಆಫ್ರಿಕಾದ ಜೊಹಾನ್ಸ್‌ಬರ್ಗ್, ಬ್ರೆಜಿಲ್‌ನ ಕಾಂಪಿನಾಸ್‌ನಲ್ಲಿ ಇದರ ಕೋರ್ಸ್‌ಗಳು ನಡೆದಿವೆ. ಜರ್ಮನಿಯದು ಒಂದು ವರ್ಷದ್ದು, ಕಾಸೆಲ್‌ನಲ್ಲಿ ಒಂದಷ್ಟು, ಬರ್ಲಿನ್‌ನಲ್ಲಿ ಒಂದಷ್ಟು. ಪಕ್ಕದ ಬೆಂಚಿನಲ್ಲಿ ಘಾನಾದ ಗಣಿ ಯೂನಿಯನ್‌ನವರೋ, ಫಿಲಿಪ್ಪೀನ್ಸ್‌ನ ನರ್ಸ್‌ಗಳ ಸಂಘದವರೋ ಕೂತಿರುವ ಸಾಧ್ಯತೆ ಇರುವ ಕ್ಲಾಸ್ ಅದು.

ಊರು ಬದಲಿಸುವುದು ಪ್ರವಾಸಕ್ಕಲ್ಲ. ಒಂದೇ ಕೆಲಸವನ್ನು ಎರಡು ದೇಶಗಳ ಕಾನೂನು ಎಷ್ಟು ಬೇರೆ ಬೇರೆಯಾಗಿ ನೋಡುತ್ತದೆ ಅನ್ನುವುದು ಅಲ್ಲಿ ಇದ್ದಾಗಲೇ ತಿಳಿಯುತ್ತದೆ. ಆಗ ನಮ್ಮಲ್ಲಿ ಇರುವುದು ಹೀಗೇ ಇರಬೇಕಿಲ್ಲ ಅನ್ನುವುದೂ ಹೊಳೆಯುತ್ತದೆ. ನನಗೆ ಈ ಓದಿನಲ್ಲಿ ಸಿಕ್ಕ ಅತಿ ದೊಡ್ಡ ಲಾಭ ಇದೇ.

ನಾನು ಕನ್ನಡ ಮೀಡಿಯಂ, ಬಿಎ ಮೂರು ವರ್ಷದ್ದು. ನನ್ನಂಥವರಿಗೆ ಸಿಗುತ್ತಾ?

ಸಿಗುತ್ತದೆ. ಎರಾಸ್ಮಸ್ ಮುಂಡಸ್‌ಗೆ ಮೊದಲ ಪದವಿ ಇರಬೇಕು ಅನ್ನುವುದು ಮೂಲ ನಿಯಮ. ಕೊನೆಯ ವರ್ಷದಲ್ಲಿ ಓದುತ್ತಿರುವವರೂ ಅರ್ಜಿ ಹಾಕಬಹುದು. ವಯಸ್ಸಿನ ಮಿತಿ ಇಲ್ಲ. ಮೂರು ವರ್ಷದ ಬಿಎ, ಬಿಕಾಂ, ಬಿಎಸ್‌ಡಬ್ಲ್ಯೂ ಎಷ್ಟೋ ಕಡೆ ಸಾಕಾಗುತ್ತದೆ, ಆದರೆ ಕೋರ್ಸ್‌ಗೆ ಕೋರ್ಸ್‌ಗೆ ಷರತ್ತು ಬೇರೆ.

ಇಂಗ್ಲಿಷ್ ಪರೀಕ್ಷೆ ದಾಟಲೇಬೇಕು. ಸಾಮಾನ್ಯವಾಗಿ ಐಇಎಲ್‌ಟಿಎಸ್‌ನಲ್ಲಿ 6.5 ಅಥವಾ ಅದಕ್ಕೆ ಸಮನಾದ್ದು ಕೇಳುತ್ತಾರೆ. ಕನ್ನಡ ಮೀಡಿಯಂನವರಿಗೆ ಮಾತಿಗಿಂತ ಓದು ತೊಡಕಾಗುತ್ತದೆ, ಯಾಕೆಂದರೆ ಅಲ್ಲಿ ವಾರವಾರ ಪುಟಗಟ್ಟಲೆ ಓದಿಸುತ್ತಾರೆ. ಹೋಗುವ ಒಂದು ವರ್ಷ ಮುಂಚಿನಿಂದ ದಿನಾ ಐಎಲ್ಒ ವರದಿಗಳ ಎರಡು ಪುಟ ಓದಿ. ಅವು ಪುಕ್ಕಟೆ ಸಿಗುತ್ತವೆ, ಭಾಷೆಯೂ ಸರಳ, ಮುಂದೆ ಬೇಕಾಗುವ ಪದಗಳೆಲ್ಲ ಅಲ್ಲೇ ಇವೆ. ಕೋಚಿಂಗ್‌ಗೆ ದುಡ್ಡು ಸುರಿಯುವ ಮೊದಲು ಇದನ್ನು ಮಾಡಿ ನೋಡಿ.

ಮನೇಲಿ ಒಪ್ತಿಲ್ಲ. "ಇದನ್ನ ಓದಿ ಯೂನಿಯನ್ ಲೀಡರ್ ಆಗ್ತೀಯಾ?" ಅಂತಾರೆ. ಏನ್ ಹೇಳಲಿ?

ಲೀಡರ್ ಆದರೆ ತಪ್ಪೇನು ಅಂತ ಕೇಳಿ. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪ್‌ನಲ್ಲಿ ದುಡಿದ ಅಜ್ಜ, ಅಪ್ಪ ಇರುವ ಮನೆಗಳು ನಮ್ಮಲ್ಲಿ ಎಷ್ಟೋ ಇವೆ. ರಜೆ, ಪಿಂಚಣಿ, ಆಸ್ಪತ್ರೆ ಇವೆಲ್ಲ ಕಾರ್ಮಿಕರು ಒಟ್ಟಾಗಿ ಕೇಳಿದ್ದಕ್ಕೇ ಬಂದವು. ಆ ಮನೆಗಳ ಮಕ್ಕಳು ಓದಿದ್ದೂ ಅದರಿಂದಲೇ.

ಹೆಣ್ಣುಮಕ್ಕಳ ಮನೆಯವರಿಗೆ ಭದ್ರತೆಯ ಚಿಂತೆ ಇರುತ್ತದೆ, ಅದು ಸಹಜ. ಎಲ್ಲಿ ಉಳಿಯುತ್ತೀರಿ, ಖರ್ಚು ಯಾರದು, ವಿಮೆ ಇದೆಯೇ, ಎಷ್ಟು ತಿಂಗಳಿಗೆ ಮರಳುತ್ತೀರಿ ಅಂತ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಅವರ ಕೈಗೆ ಕೊಡಿ. ವಾದ ಮಾಡುವುದಕ್ಕಿಂತ ಇದರಿಂದ ಕೆಲಸ ಆಗುತ್ತದೆ.

## ಅರ್ಜಿ ಮತ್ತು ದುಡ್ಡು

ಖರ್ಚು ಎಷ್ಟಾಗುತ್ತೆ? ಹೊಲ ಒತ್ತೆ ಇಟ್ಟು ಹೋಗಬೇಕಾ?

ಬೇಡ. ಈ ಓದಿಗಾಗಿ ಹೊಲ, ಮನೆ ಒತ್ತೆ ಇಡಬೇಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಓದು ಮುಗಿದ ತಕ್ಷಣ ದೊಡ್ಡ ಸಂಬಳ ಬರುವ ಕ್ಷೇತ್ರ ಇದಲ್ಲ. ಸಾಲದ ಕಂತು ತಲೆ ಮೇಲೆ ಇದ್ದರೆ ನಿಮಗೆ ಬೇಕಾದ ಕೆಲಸವನ್ನು ನೀವು ಆರಿಸಿಕೊಳ್ಳಲು ಆಗುವುದಿಲ್ಲ.

ಎರಾಸ್ಮಸ್ ಮುಂಡಸ್ ಸ್ಕಾಲರ್‌ಶಿಪ್ ತಿಂಗಳಿಗೆ 1,400 ಯೂರೊ, ಹೆಚ್ಚೆಂದರೆ 24 ತಿಂಗಳು. ಫೀ ಕಟ್ಟುವಂತಿಲ್ಲ, ವಿಮೆ ಅವರೇ ಮಾಡಿಸುತ್ತಾರೆ. ಪ್ರಯಾಣ, ವೀಸಾ ಖರ್ಚು ಮಾತ್ರ ಆ 1,400ರಲ್ಲೇ ಹೊಂದಿಸಬೇಕು. ಮೊದಲ ಕಂತು ಕೈಗೆ ಬರುವ ತನಕ ವಿಮಾನ ಟಿಕೆಟ್, ಮನೆ ಅಡ್ವಾನ್ಸ್‌ಗೆ ಸ್ವಲ್ಪ ದುಡ್ಡು ಇಟ್ಟುಕೊಂಡಿರಿ. ಸ್ಕಾಲರ್‌ಶಿಪ್ ಇಲ್ಲದೆ ಸೀಟು ಮಾತ್ರ ಸಿಕ್ಕರೆ, ಹೋಗದೆ ಮುಂದಿನ ವರ್ಷ ಮತ್ತೆ ಅರ್ಜಿ ಹಾಕುವುದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ.

ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಫೀ ಕಡಿಮೆ, ಹಲವು ಕಡೆ ಇಲ್ಲವೇ ಇಲ್ಲ. ಆದರೆ ಸ್ಕಾಲರ್‌ಶಿಪ್ ಇಲ್ಲದವರು ವೀಸಾಕ್ಕೆ ಒಂದು ವರ್ಷದ ಖರ್ಚಿನ ದುಡ್ಡು ಬ್ಲಾಕ್ಡ್ ಅಕೌಂಟ್‌ನಲ್ಲಿ, ಅಂದರೆ ತಿಂಗಳಿಗೆ ಇಷ್ಟೇ ಅಂತ ತೆಗೆಯಬಹುದಾದ ಖಾತೆಯಲ್ಲಿ, ತೋರಿಸಬೇಕು. 2024ರ ಸೆಪ್ಟೆಂಬರ್‌ನಿಂದ ಅದು 11,904 ಯೂರೊ. ನಮ್ಮ ರೂಪಾಯಿಯಲ್ಲಿ ಹತ್ತು ಲಕ್ಷ ದಾಟುತ್ತದೆ.

ನಮ್ಮ ಸರ್ಕಾರದಿಂದ ಏನಾದ್ರೂ ಸಿಗುತ್ತಾ?

ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಇದೆ. ಪರಿಶಿಷ್ಟ ಜಾತಿ, ಅಲೆಮಾರಿ ಮತ್ತು ಅರೆ ಅಲೆಮಾರಿ ಸಮುದಾಯದವರಿಗೆ, ಜೊತೆಗೆ ಭೂಮಿ ಇಲ್ಲದ ಕೃಷಿ ಕಾರ್ಮಿಕರು ಮತ್ತು ಸಾಂಪ್ರದಾಯಿಕ ಕುಶಲಕರ್ಮಿಗಳ ಕುಟುಂಬದವರಿಗೆ. ಒಟ್ಟು 125 ಸ್ಥಾನ. ಡಿಗ್ರಿಯಲ್ಲಿ ಶೇ 60 ಅಂಕ, 35ರ ಒಳಗಿನ ವಯಸ್ಸು, ಕುಟುಂಬದ ವಾರ್ಷಿಕ ಆದಾಯ 8 ಲಕ್ಷದ ಒಳಗೆ ಇರಬೇಕು. ಕೂಲಿ ಮಾಡುವವರ ಮಕ್ಕಳಿಗೂ ಇದರಲ್ಲಿ ಜಾಗ ಇದೆ ಅನ್ನುವುದು ನಮ್ಮಲ್ಲಿ ಎಷ್ಟೋ ಜನರಿಗೆ ಗೊತ್ತಿಲ್ಲ. ಬೆಟಗೇರಿಯ ನೇಕಾರರ ಮನೆಯವರು ಕುಶಲಕರ್ಮಿಗಳ ವಿಭಾಗದಲ್ಲಿ ಬರುತ್ತೀರಾ ಅಂತ ವಿಚಾರಿಸಿ ನೋಡಿ.

ಆದರೆ 2022ರ ನಿಯಮಗಳಲ್ಲಿ ಒಂದು ತಡೆ ಸೇರಿಸಿದರು. ಭಾರತದ ಸಂಸ್ಕೃತಿ, ಇತಿಹಾಸ, ಭಾರತದ ಸಮಾಜವನ್ನು ಕುರಿತ ಸಂಶೋಧನೆಗೆ ಈ ಹಣ ಇಲ್ಲ. ತನ್ನ ಊರಿನ ಕೂಲಿಯ ಬಗ್ಗೆ ಹೊರಗೆ ಹೋಗಿ ಓದಬೇಕು ಅನ್ನುವ ಕೂಲಿಯವರ ಮಗಳಿಗೆ ಇದು ನೇರ ಪೆಟ್ಟು. ಇದು ಅನ್ಯಾಯ ಅಂತಲೇ ನಾನು ತಿಳಿದಿದ್ದೇನೆ. ಅರ್ಜಿ ಹಾಕುವವರು ಆ ವರ್ಷದ ನಿಯಮ ಪೂರ್ತಿ ಓದಿಕೊಳ್ಳಿ.

ರಾಜ್ಯದ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆಯನ್ನೂ ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳು ನೋಡಬಹುದು. ಧಾರವಾಡ, ಗದಗ, ಹಾವೇರಿಯ ಜಿಲ್ಲಾ ಕಚೇರಿಗೇ ಹೋಗಿ ಕೇಳಿ.

ಯಾವಾಗ ಅರ್ಜಿ ಹಾಕ್ಬೇಕು? ಏಜೆಂಟ್ ಬೇಕಾ?

ಏಜೆಂಟ್ ಬೇಡ. ಎರಾಸ್ಮಸ್ ಮುಂಡಸ್‌ಗೆ ನೇರ ಆಯಾ ಕೋರ್ಸ್‌ಗೇ ಅರ್ಜಿ ಹಾಕುವುದು. ಹೆಚ್ಚಿನವು ಅಕ್ಟೋಬರ್‌ನಿಂದ ಜನವರಿ ಒಳಗೆ ತಗೊಳ್ಳುತ್ತವೆ, ಕೋರ್ಸ್ ಶುರುವಾಗುವುದು ಮುಂದಿನ ಆಗಸ್ಟ್, ಸೆಪ್ಟೆಂಬರ್‌ಗೆ.

ಪಾಸ್‌ಪೋರ್ಟ್‌ಗೆ ಬೆಂಗಳೂರಿಗೆ ಓಡಬೇಕಿಲ್ಲ, ಹುಬ್ಬಳ್ಳಿಯಲ್ಲೇ ಸೇವಾ ಕೇಂದ್ರ ಇದೆ. ವಿಶ್ವವಿದ್ಯಾಲಯದಿಂದ ಟ್ರಾನ್ಸ್‌ಕ್ರಿಪ್ಟ್, ಅಂದರೆ ಎಲ್ಲ ವರ್ಷಗಳ ಅಂಕಗಳ ಒಟ್ಟು ಪತ್ರ, ಬರಲು ತಡವಾಗುತ್ತದೆ, ಅದನ್ನು ಬೇಸಿಗೆಯಲ್ಲೇ ಕೇಳಿ ಇಟ್ಟುಕೊಳ್ಳಿ. ಹತ್ತನೇ ಕ್ಲಾಸಿನ ಅಂಕಪಟ್ಟಿ, ಪಾಸ್‌ಪೋರ್ಟ್, ಡಿಗ್ರಿ ಪತ್ರ ಮೂರರಲ್ಲೂ ಹೆಸರು, ಇನಿಶಿಯಲ್ ಒಂದೇ ಥರ ಇರಲಿ. ನಮ್ಮ ಕಡೆ ಮನೆತನದ ಹೆಸರು ಒಂದರಲ್ಲಿ ಇರುತ್ತದೆ, ಒಂದರಲ್ಲಿ ಇರುವುದಿಲ್ಲ. ಜರ್ಮನಿಗೆ ಹೋಗುವವರಿಗೆ 2022ರ ನವೆಂಬರ್‌ನಿಂದ ಸಾಮಾನ್ಯವಾಗಿ ಎಪಿಎಸ್ ಪ್ರಮಾಣಪತ್ರವೂ ಬೇಕು, ಅಂದರೆ ನಿಮ್ಮ ಓದಿನ ದಾಖಲೆಗಳು ಅಸಲಿ ಅಂತ ಪರಿಶೀಲಿಸಿ ಕೊಡುವ ಪತ್ರ.

ಮೋಟಿವೇಶನ್ ಲೆಟರ್‌ನಲ್ಲಿ ಏನ್ ಬರೀಬೇಕು? ಒಂದು ಸ್ಯಾಂಪಲ್ ಕಳಿಸ್ತೀರಾ?

ಸ್ಯಾಂಪಲ್ ಕಳಿಸುವುದಿಲ್ಲ. ಕಳಿಸಿದರೆ ಎಲ್ಲರದೂ ಒಂದೇ ಥರ ಆಗುತ್ತದೆ. ಈ ಕೋರ್ಸ್ ನನಗೆ ಯಾಕೆ ಬೇಕು ಅಂತ ಅರ್ಜಿಯ ಜೊತೆ ಕೊಡುವ ಪತ್ರ ಅದು. ಅದಕ್ಕೆ ಹೇಗೆ ಯೋಚಿಸಬೇಕು ಅಂತ ಮಾತ್ರ ಹೇಳುತ್ತೇನೆ.

"ನನಗೆ ಚಿಕ್ಕಂದಿನಿಂದ ಬಡವರ ಸೇವೆ ಮಾಡುವ ಆಸೆ" ಅಂತ ಶುರು ಮಾಡಬೇಡಿ. ಒಂದು ಜಾಗ ತೋರಿಸಿ, ಅಲ್ಲಿ ನೀವು ಕಂಡದ್ದನ್ನು ಹೇಳಿ, ಅದರಿಂದ ಹುಟ್ಟಿದ ಪ್ರಶ್ನೆ ಇಡಿ. ಉದಾಹರಣೆಗೆ ಹುಬ್ಬಳ್ಳಿಯ ಬೆಂಗೇರಿ. 1957ರಲ್ಲಿ ಶುರುವಾದ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಅಲ್ಲಿ ಐಎಸ್‌ಐ ಗುರುತಿನ ರಾಷ್ಟ್ರಧ್ವಜ ತಯಾರಿಸುತ್ತದೆ. ನೂಲುವವರು, ಹೊಲಿಯುವವರಲ್ಲಿ ಬಹುತೇಕ ಹೆಂಗಸರು. 2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆ ತಿದ್ದಿ, ಪಾಲಿಯೆಸ್ಟರ್ ಮತ್ತು ಯಂತ್ರದಲ್ಲಿ ಮಾಡಿದ ಧ್ವಜಕ್ಕೂ ಅವಕಾಶ ಕೊಟ್ಟರು. ದೇಶದ ಮನೆಮನೆಯಲ್ಲಿ ಧ್ವಜ ಹಾರುವಾಗ, ಕೈಯಲ್ಲಿ ನೂತು ಧ್ವಜ ಮಾಡುವ ಹೆಣ್ಣುಮಗಳ ಕೂಲಿ ಏನಾಯಿತು? ಗುಣಮಟ್ಟದ ನಿಯಮ ಒಬ್ಬರ ಕೆಲಸವನ್ನು ಎಷ್ಟರ ಮಟ್ಟಿಗೆ ಕಾಯುತ್ತದೆ, ಆ ನಿಯಮ ಸಡಿಲವಾದರೆ ಯಾರು ಹೊರಗೆ ಬೀಳುತ್ತಾರೆ?

ಇಷ್ಟು ಬರೆದರೆ ನೀವು ಯಾರು, ಎಲ್ಲಿಂದ ಬಂದವರು, ಏನು ಕಲಿಯಬೇಕು ಅನ್ನುವುದು ಒಂದೇ ಪ್ಯಾರಾದಲ್ಲಿ ಬಂದಂತಾಯಿತು. ಇದನ್ನೇ ಬರೆಯಬೇಡಿ, ನಿಮ್ಮ ಓಣಿಯದನ್ನು ಹುಡುಕಿ. ಆಮೇಲೆ ಆ ಕೋರ್ಸಿನ ಯಾವ ವಿಷಯ, ಎರಡು ಊರುಗಳಲ್ಲಿ ಯಾವ ಊರು ನಿಮ್ಮ ಪ್ರಶ್ನೆಗೆ ಬೇಕು, ಯಾಕೆ ಬೇಕು ಅಂತ ಹೇಳಿ. ನಮ್ಮ ಹುಡುಗರು ಮೊದಲ ಭಾಗ ಚೆನ್ನಾಗಿ ಬರೆಯುತ್ತಾರೆ, ಈ ಎರಡನೆಯದನ್ನು ಮರೆಯುತ್ತಾರೆ.

ಕೆಲಸದ ಅನುಭವ ಇಲ್ಲ. ಸುಮ್ನೆ ಅರ್ಜಿ ಹಾಕ್ಲಾ?

ಅನುಭವ ಅಂದರೆ ಆಫೀಸಿನ ಕೆಲಸ ಅಂತ ಯಾಕೆ ತಿಳಿಯುತ್ತೀರಿ? ಎಂಎಸ್‌ಡಬ್ಲ್ಯೂ ಫೀಲ್ಡ್ ವರ್ಕ್, ಅಂಗನವಾಡಿ ಕಾರ್ಯಕರ್ತೆಯರ ಸಂಘಕ್ಕೆ ಅರ್ಜಿ ಬರೆದುಕೊಟ್ಟದ್ದು, ನರೇಗಾ ಕೂಲಿ ಬಾಕಿಗಾಗಿ ಪಂಚಾಯಿತಿಗೆ ಅಲೆದದ್ದು ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ರಜೆಯಲ್ಲಿ ನೀವೇ ಹೊಲದ ಕೂಲಿಗೆ ಹೋಗಿದ್ದರೆ ಮುಚ್ಚಿಡಬೇಡಿ, ಬರೆಯಿರಿ. ಕಾಸೆಲ್–ಬರ್ಲಿನ್ ಕೋರ್ಸ್‌ನವರಂತೂ ಕಾರ್ಮಿಕ ಸಂಘಟನೆಗಳ ಜೊತೆ ಒಡನಾಟ ಇರುವವರನ್ನೇ ಹುಡುಕುತ್ತಾರೆ.

## ಓದಿನ ಒಳಗೆ

ಅಲ್ಲಿ ಕಲಿತದ್ದು ನಮ್ಮ ಕಡೆಗೆ ಹೊಂದುತ್ತಾ? ಅವರ ದೇಶವೇ ಬೇರೆ ಅಲ್ವಾ?

ಬೇರೆ ಇರುವುದಕ್ಕೇ ಉಪಯೋಗ. ಜರ್ಮನಿಯಲ್ಲಿ 5 ಜನ ಕಾಯಂ ಕೆಲಸಗಾರರಿರುವ ಜಾಗದಲ್ಲೂ ಅವರೇ ಆರಿಸುವ ಸಮಿತಿ ರಚಿಸಿಕೊಳ್ಳಬಹುದು. ಕೆಲಸದ ವೇಳೆ, ರಜೆ ಇಂಥ ವಿಷಯಗಳಲ್ಲಿ ಮಾಲೀಕರು ಆ ಸಮಿತಿಯನ್ನು ಕೇಳಲೇಬೇಕು. 1976ರ ಕಾನೂನಿನಂತೆ 2,000ಕ್ಕಿಂತ ಜಾಸ್ತಿ ಜನರಿರುವ ಕಂಪನಿಗಳ ಮೇಲ್ವಿಚಾರಣಾ ಮಂಡಳಿಯಲ್ಲಿ ಅರ್ಧ ಸ್ಥಾನ ಕೆಲಸಗಾರರ ಕಡೆಯವರಿಗೆ.

ನಮ್ಮಲ್ಲಿ 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. 29 ಹಳೆಯ ಕಾನೂನುಗಳು ಅವುಗಳಲ್ಲಿ ಸೇರಿವೆ. ಹಲವು ಯೂನಿಯನ್‌ಗಳಿರುವ ಕಡೆ ಶೇ 51 ಕೆಲಸಗಾರರ ಬೆಂಬಲ ಇರುವ ಯೂನಿಯನ್ ಇದ್ದರೆ, ಇನ್ನು ಅದೊಂದೇ ಮಾಲೀಕರ ಜೊತೆ ಮಾತುಕತೆಗೆ ಕೂರುತ್ತದೆ. ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಕಾಯಂ, ಗುತ್ತಿಗೆ, ಟ್ರೇನಿ ಅಂತ ಜನ ಹಂಚಿಹೋಗಿರುವಾಗ ಆ ಲೆಕ್ಕದಲ್ಲಿ ಯಾರನ್ನು ಎಣಿಸುತ್ತಾರೆ? ಜರ್ಮನಿಯ ಪಾಠ ಓದಿದ ಮೇಲೆ ಈ ಪ್ರಶ್ನೆ ಇನ್ನಷ್ಟು ಹರಿತವಾಗಿ ಕಾಣುತ್ತದೆ.

ಓದ್ತಾ ಪಾರ್ಟ್ ಟೈಮ್ ದುಡೀಬಹುದಾ?

ದೇಶದಿಂದ ದೇಶಕ್ಕೆ ನಿಯಮ ಬೇರೆ. ಜರ್ಮನಿಯಲ್ಲಿ ನಮ್ಮಂಥ ಹೊರಗಿನ ವಿದ್ಯಾರ್ಥಿಗಳಿಗೆ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ. ಕನಿಷ್ಠ ಕೂಲಿ 2026ರ ಜನವರಿಯಿಂದ ಗಂಟೆಗೆ 13.90 ಯೂರೊ. ಸೈಕಲ್ ಮೇಲೆ ಊಟ ತಲುಪಿಸುವ ಕೆಲಸಕ್ಕೆ ನಮ್ಮವರು ಬಹಳ ಜನ ಸೇರುತ್ತಾರೆ. ಸೇರಿದರೆ ಒಪ್ಪಂದ ಪತ್ರ, ಪಗಾರದ ಚೀಟಿ ಕೇಳಿ ತಗೊಳ್ಳಿ, ಕೈಯಲ್ಲಿ ಕೊಡುವ ದುಡ್ಡಿಗೆ ಒಪ್ಪಬೇಡಿ. ಹಕ್ಕುಗಳ ಬಗ್ಗೆ ಓದುವವರೇ ಹಕ್ಕು ಬಿಟ್ಟುಕೊಡಬಾರದು.

ಥೀಸಿಸ್‌ಗೆ ನಮ್ಮೂರಿನ ವಿಷಯಾನೇ ತಗೋಬಹುದಾ?

ತಗೊಳ್ಳಿ ಅಂತ ಒತ್ತಿ ಹೇಳುತ್ತೇನೆ. ರಾಣೆಬೆನ್ನೂರು ಸುತ್ತಮುತ್ತ ಹೈಬ್ರಿಡ್ ಬೀಜ ಬೆಳೆಯುವ ಹೊಲಗಳಿವೆ. ಮೊಗ್ಗಿನ ಗಂಡು ಭಾಗ ಕೈಯಿಂದ ತೆಗೆದು, ಮರುದಿನ ಬೆಳಗ್ಗೆ ಬೇರೆ ತಳಿಯ ಪರಾಗ ಹಚ್ಚುವ ಕ್ರಾಸಿಂಗ್ ಕೆಲಸ. ಬಹುಪಾಲು ಹೆಂಗಸರದೇ. ಬೀಜ ಕಂಪನಿ, ಆರ್ಗನೈಸರ್ ಅನ್ನುವ ಮಧ್ಯವರ್ತಿ, ರೈತ, ಕೂಲಿ ಅಂತ ಸರಪಳಿ. ಕಂಪನಿಯ ಕಚೇರಿ ಯುರೋಪಿನಲ್ಲಿದ್ದರೆ, ಸರಪಳಿಯ ಎರಡೂ ತುದಿ ನೋಡುವ ಅವಕಾಶ ನಿಮಗೆ ಇದೆ. ಅಲ್ಲಿನವರಿಗೆ ಕನ್ನಡ ಬರುವುದಿಲ್ಲ, ನಿಮಗೆ ಬರುತ್ತದೆ. ಗದಗ ಜಿಲ್ಲೆಯ ತಾಂಡಾಗಳಿಂದ ಗೋವಾ, ಮಂಗಳೂರು ಕಡೆಗೆ ಗುಳೆ ಹೋಗುವವರ ವಿಷಯವೂ ಅಷ್ಟೇ ದೊಡ್ಡದು. ದೇಶ ದಾಟಿ ವಲಸೆ ಹೋಗುವವರ ಬಗ್ಗೆ ಅಲ್ಲಿ ಕಲಿಸಿದ್ದನ್ನು ರಾಜ್ಯ ದಾಟುವವರಿಗೆ ಹಚ್ಚಿ ನೋಡಬಹುದು.

ಎಚ್ಚರವೂ ಬೇಕು. ನಿಮ್ಮ ಜೊತೆ ಮಾತಾಡಿದ ಹೆಣ್ಣುಮಗಳಿಗೆ ನಾಳೆ ಮೇಸ್ತ್ರಿ ಕೆಲಸ ಕೊಡದಿದ್ದರೆ ನೀವು ಬರ್ಲಿನ್‌ನಲ್ಲಿ ಇರುತ್ತೀರಿ, ಅವಳು ಅಲ್ಲೇ ಇರುತ್ತಾಳೆ. ಹೆಸರು ಬಿಡಿ, ಹಳ್ಳಿಯ ಗುರುತೂ ಸಿಗದಂತೆ ಬರೆಯಿರಿ. ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಬೇಡಿ. ಎಷ್ಟೋ ಮನೆಗಳಲ್ಲಿ ಹೆಬ್ಬೆಟ್ಟು ಅಂದರೆ ಸಾಲದ ನೆನಪು. ಬಾಯಿಮಾತಿನ ಒಪ್ಪಿಗೆಯನ್ನು ಅವರ ಅನುಮತಿಯಿಂದಲೇ ರೆಕಾರ್ಡ್ ಮಾಡಿಕೊಳ್ಳಬಹುದು ಅಂತ ನಿಮ್ಮ ಗೈಡ್‌ಗೆ ಮೊದಲೇ ವಿವರಿಸಿ. ಮಾತುಕತೆಗೆ ಅವರ ಅರ್ಧ ದಿನ ತಗೊಂಡರೆ ಆ ಅರ್ಧ ದಿನದ ಕೂಲಿ ಹೋಗುತ್ತದೆ. ಸಂಜೆ ಹೋಗಿ, ಇಲ್ಲವೇ ಕೆಲಸ ಮಾಡುತ್ತಲೇ ಮಾತಾಡಿ. ಬರೆದದ್ದರ ಸಾರ ಕನ್ನಡದಲ್ಲಿ ಮಾಡಿ ಅವರಿಗೇ ಓದಿ ಹೇಳಿ. ಇದನ್ನು ಯಾವ ವಿಶ್ವವಿದ್ಯಾಲಯವೂ ಕಡ್ಡಾಯ ಮಾಡಿಲ್ಲದಿದ್ದರೂ ಮಾಡಿ.

## ಓದು ಮುಗಿದ ಮೇಲೆ

ವಾಪಸ್ ಬಂದ್ರೆ ಹುಬ್ಬಳ್ಳಿ-ಧಾರವಾಡದಲ್ಲಿ ಏನ್ ಕೆಲಸ ಸಿಗುತ್ತೆ?

ಈ ಪದವಿಯ ಹೆಸರಲ್ಲೇ ಜಾಹೀರಾತು ಬರುವುದು ಕಡಿಮೆ. ಸಂಶೋಧನಾ ಸಂಸ್ಥೆ, ಕಾರ್ಮಿಕ ಸಂಘಟನೆ, ಸ್ವಯಂಸೇವಾ ಸಂಸ್ಥೆ, ಕಾನೂನು ನೆರವು ಇವು ಒಂದು ಕಡೆ. ಇನ್ನೊಂದು ಕಡೆ, ರಫ್ತು ಮಾಡುವ ಕಂಪನಿಗಳಿಗೆ ತಮ್ಮ ಪೂರೈಕೆ ಸರಪಳಿಯಲ್ಲಿ ಕೆಲಸಗಾರರ ಸ್ಥಿತಿ ಹೇಗಿದೆ ಅಂತ ಹೇಳುವವರು ಬೇಕು. ಜರ್ಮನಿ ಇದಕ್ಕೆಂದೇ ಮಾಡಿದ ಕಾನೂನು 2023ರ ಜನವರಿಯಿಂದ ಜಾರಿಯಲ್ಲಿದೆ, ಅದನ್ನು ಸಡಿಲಿಸುವ ಒತ್ತಡವೂ ನಡೆದಿದೆ. ಕರ್ನಾಟಕ 2025ರಲ್ಲಿ ಗಿಗ್ ಕೆಲಸಗಾರರ, ಅಂದರೆ ಆ್ಯಪ್ ಕಂಪನಿಗಳಿಗೆ ದುಡಿಯುವವರ, ಕಾಯ್ದೆ ತಂದಿತು. ಕೆಲಸಗಾರರಿಗೆ ಕೊಡುವ ಪ್ರತಿ ಪಾವತಿಯ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಆ ಕಂಪನಿಗಳು ಕಟ್ಟಬೇಕು. ವಿದ್ಯಾನಗರದಲ್ಲಿ ಬೈಕ್ ಮೇಲೆ ಊಟ ತರುವ ಹುಡುಗನಿಗೆ ಇದು ಮುಟ್ಟುತ್ತಿದೆಯಾ ಅಂತ ನೋಡುವವರು, ಅವನಿಗೆ ನೋಂದಣಿ ಮಾಡಿಸುವವರು ನಮ್ಮಲ್ಲಿ ಬೇಕು.

ಇದನ್ನೇ ಇಲ್ಲೇ ಓದೋಕೆ ಆಗಲ್ವಾ?

ಆಗುತ್ತದೆ. ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ, ದೆಹಲಿಯ ಜೆಎನ್‌ಯುದ ಕಾರ್ಮಿಕ ಅಧ್ಯಯನ ವಿಭಾಗ ಇವೆ. ನೋಯ್ಡಾದ ವಿ.ವಿ. ಗಿರಿ ರಾಷ್ಟ್ರೀಯ ಕಾರ್ಮಿಕ ಸಂಸ್ಥೆಯಲ್ಲಿ ತರಬೇತಿ, ಸಂಶೋಧನೆ ನಡೆಯುತ್ತದೆ. ಕಾನೂನಿನ ದಾರಿ ಹಿಡಿಯುವವರಿಗೆ ನವನಗರದಲ್ಲೇ ರಾಜ್ಯ ಕಾನೂನು ವಿಶ್ವವಿದ್ಯಾಲಯ ಇದೆ. ಮನೆಯ ಪರಿಸ್ಥಿತಿಯಿಂದ ಹೊರಗೆ ಹೋಗಲಾಗದವರು ಕಮ್ಮಿ ಏನೂ ಅಲ್ಲ. ಇಲ್ಲಿ ಎಂಎ ಮುಗಿಸಿ ಪಿಎಚ್‌ಡಿಗೆ ಹೊರಗೆ ಹೋಗುವುದೂ ಒಳ್ಳೆಯ ದಾರಿ.

ಕಾಲೇಜಿನಲ್ಲಿ ಪಾಠ ಮಾಡ್ಬೇಕು ಅಂತಿದೀನಿ. ಆ ಪದವಿ ಇಲ್ಲಿ ನಡೆಯುತ್ತಾ?

ಹೊರದೇಶದ ಪದವಿಗೆ ಇಲ್ಲಿ ಸಮಾನತೆ ಪ್ರಮಾಣಪತ್ರ ಬೇಕಾಗುತ್ತದೆ. ಒಂದು ವರ್ಷದ ಮಾಸ್ಟರ್ಸ್‌ಗೂ ಎರಡು ವರ್ಷದ್ದಕ್ಕೂ ಇಲ್ಲಿ ವ್ಯತ್ಯಾಸ ಬರಬಹುದು. ಹಾಗಾಗಿ ಪಾಠ ಮಾಡುವ ಆಸೆ ಇದ್ದವರು ಸೇರುವ ಮೊದಲೇ ವಿಚಾರಿಸಿ, ಸಾಧ್ಯವಾದರೆ 120 ಕ್ರೆಡಿಟ್‌ಗಳ ಎರಡು ವರ್ಷದ ಕೋರ್ಸನ್ನೇ ಆರಿಸಿಕೊಳ್ಳಿ. ಒಂದಕ್ಕಿಂತ ಹೆಚ್ಚು ವಿಶ್ವವಿದ್ಯಾಲಯ ಪದವಿ ಕೊಟ್ಟರೆ ಪ್ರತಿಯೊಂದರ ಅಂಕಪಟ್ಟಿ, ಪಠ್ಯಕ್ರಮ ಅಲ್ಲಿ ಇರುವಾಗಲೇ ಮೊಹರು ಹಾಕಿಸಿ ತನ್ನಿ. ಊರಿಗೆ ಬಂದ ಮೇಲೆ ಇಮೇಲ್ ಮಾಡಿ ತರಿಸುವುದು ತಿಂಗಳುಗಟ್ಟಲೆ ಆಗುತ್ತದೆ. ಯುಜಿಸಿ ನೆಟ್‌ನಲ್ಲಿ ಕಾರ್ಮಿಕ ಕಲ್ಯಾಣ, ಕೈಗಾರಿಕಾ ಸಂಬಂಧಗಳು ಸೇರಿದ ವಿಷಯವೇ ಇದೆ, ಅದಕ್ಕೆ ಓದನ್ನು ಅಲ್ಲಿಂದಲೇ ಶುರು ಮಾಡಬಹುದು.